ಕೆಂಪಾದ ಕಣ್ಣಿಗೆ ಕೇಳಬೇಕಾದ ಒಂದು ಪ್ರಶ್ನೆ

ರೋಗಕ್ಕೆ ಹೆಸರಿಡುವಾಗ ಯಾರೂ ತಮ್ಮ ಊರಿನ ಹೆಸರಿಡುವುದಿಲ್ಲ. ಕಣ್ಣು ಕೆಂಪಾಗಿ ನೀರು ಸುರಿಯೋಕೆ ಶುರುವಾದರೆ ನಾವು 'ಮದ್ರಾಸ್ ಐ' ಅಂತೀವಿ. 1918ರ ಸುಮಾರಿಗೆ ಮದ್ರಾಸಿನಲ್ಲಿ ಹಬ್ಬಿದ ಬೇನೆಯಿಂದ ಅಂಟಿಕೊಂಡ ಹೆಸರು ಅದು. 1969ರಲ್ಲಿ ಘಾನಾ ದೇಶದಲ್ಲಿ ಇಂಥದ್ದೇ ಒಂದು ಬೇನೆ ಬಂದಾಗ ಅಲ್ಲಿನ ಜನ ಅದಕ್ಕೆ 'ಅಪೊಲೊ' ಅಂದರು. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ ಅದು. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಕಲ್ಕತ್ತದಲ್ಲಿ ಹಬ್ಬಿದ್ದು 'ಜಯ್ ಬಾಂಗ್ಲಾ' ಆಯ್ತು. ಎಲ್ಲ ಕಡೆಯೂ ಲೆಕ್ಕ ಒಂದೇ: ಬೇನೆ ಹೊರಗಿನಿಂದ ಬಂದದ್ದು, ನಾಲ್ಕು ದಿನ ಇದ್ದು ಹೋಗುತ್ತದೆ.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಳಬರು ಇದಕ್ಕೆ ಸುಮ್ಮನೆ 'ಕಣ್ಣು ಬೇನೆ' ಅಂತಾರೆ. ಊರಿನ ಹೆಸರು ಸೇರಿಸದೆ ಕರೆಯೋದು ಒಳ್ಳೆಯದೇ. ಆದರೆ ಅದರಲ್ಲೂ ಒಂದು ತೊಂದರೆ ಇದೆ. ಕೆಂಪಾದ ಕಣ್ಣೆಲ್ಲವೂ ಆ ಒಂದೇ ಹೆಸರಿನೊಳಗೆ ಸೇರಿಬಿಡುತ್ತದೆ. ಶಾಲೆಯಿಂದ ಮಗು ತಂದ ವೈರಸ್ಸೂ ಕಣ್ಣು ಬೇನೆ, ತೋಟದಲ್ಲಿ ಅಡಿಕೆ ಸೋಗೆ ಹೊಡೆದ ಗಾಯವೂ ಕಣ್ಣು ಬೇನೆ. ಮೊದಲನೆಯದು ತಾನಾಗಿ ವಾಸಿಯಾಗುತ್ತದೆ. ಎರಡನೆಯದು ಕಾಯುತ್ತಾ ಕೂತರೆ ಕಣ್ಣನ್ನೇ ತೆಗೆದುಕೊಂಡು ಹೋಗಬಹುದು. ಇವೆರಡೂ ಒಂದೇ ಮಳೆಗಾಲದಲ್ಲಿ, ಒಂದೇ ಕುಟುಂಬದಲ್ಲಿ ಬಂದದ್ದನ್ನು ನಾನು ನೋಡಿದ್ದೇನೆ. ಆ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

2023ರ ಜುಲೈ, ಆಗಸ್ಟ್ ನಿಮಗೂ ನೆನಪಿರಬಹುದು. ಬೆಂಗಳೂರಿನಿಂದ ಬೀದರ್‌ವರೆಗೆ ಎಲ್ಲಿ ನೋಡಿದರೂ ಕಪ್ಪು ಕನ್ನಡಕ. ಆರೋಗ್ಯ ಇಲಾಖೆ ಸೂಚನೆ ಹೊರಡಿಸಿತ್ತು. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಬ್ಬರು ಕೆಂಪು ಕಣ್ಣಿನ ಫೋಟೊ ಹಾಕಿ ರಜೆ ಕೇಳುತ್ತಿದ್ದರು. ನಾನು ಆ ತಿಂಗಳು ಕೊಪ್ಪದ ಹತ್ತಿರದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಕಣ್ಣು ಬೇನೆ ಅಲ್ಲಿಗೂ ಬಂತು.

ಮನೆಗೆ ಬಂದ ಬೇನೆ

ಮೊದಲು ಬಂದದ್ದು ಅಣ್ಣನ ಮಗನಿಗೆ. ಎರಡನೇ ಕ್ಲಾಸು. ಬೆಳಿಗ್ಗೆ ಎದ್ದಾಗ ರೆಪ್ಪೆಗಳು ಅಂಟಿಕೊಂಡು ಕಣ್ಣು ಬಿಡೋಕೇ ಆಗುತ್ತಿರಲಿಲ್ಲ. ವಾರದೊಳಗೆ ಅತ್ತಿಗೆಗೆ ಬಂತು, ಆಮೇಲೆ ನನಗೆ. ಒಂದು ಕಣ್ಣಿಗೆ ಬಂದು ಎರಡು ದಿನ ಬಿಟ್ಟು ಇನ್ನೊಂದಕ್ಕೆ. ಕಣ್ಣೊಳಗೆ ಮರಳು ಹಾಕಿ ತಿಕ್ಕಿದ ಹಾಗೆ. ಲ್ಯಾಪ್‌ಟಾಪ್ ತೆರೆದರೆ ನೀರು ಸುರಿದು ಅಕ್ಷರಗಳೆಲ್ಲ ಈಜಾಡುತ್ತಿದ್ದವು.

ಅಮ್ಮ ಅಂಗಳದ ನಂದಿಬಟ್ಟಲು ಗಿಡದಿಂದ ಹೂ ಕೊಯ್ದು ತಂದರು. ರಾತ್ರಿ ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ಮುಚ್ಚಿದ ರೆಪ್ಪೆಯ ಮೇಲೆ ಇಡೋದು ನಮ್ಮಲ್ಲಿನ ಹಳೆಯ ಪದ್ಧತಿ. ಇಟ್ಟಾಗ ಹಾಯೆನಿಸುತ್ತದೆ, ಸುಳ್ಳಲ್ಲ. ತಣ್ಣನೆಯ ಒದ್ದೆ ಬಟ್ಟೆ ಇಟ್ಟರೂ ಅಷ್ಟೇ ಹಾಯೆನಿಸುತ್ತದೆ. ಆದರೆ ಪಕ್ಕದ ಮನೆಯ ದೊಡ್ಡಮ್ಮ ಬಂದು, "ಹೂವಿನ ರಸ ಹಿಂಡಿ ಎರಡು ಹನಿ ಒಳಗೆ ಬಿಡು ಮಾರಾಯ್ತಿ, ಇಲ್ಲಾಂದ್ರೆ ಬಾಣಂತಿ ಹಾಲು ಸಿಕ್ತದಾ ನೋಡು" ಅಂದರು. ಅಮ್ಮನೇ ಅದಕ್ಕೆ ಒಪ್ಪಲಿಲ್ಲ. "ಮೇಲೆ ಇಟ್ರೆ ತಂಪು. ಒಳಗೆ ಹಾಕೋದೆಲ್ಲ ಬೇಡ, ಗಿಡದ ಮೇಲೆ ಎಂತೆಂಥ ಹುಳ ಓಡಾಡಿರ್ತದೋ" ಅಂದರು. ಅಮ್ಮನಿಗೆ ಯಾರೂ ಸೂಕ್ಷ್ಮಜೀವಿಗಳ ಪಾಠ ಮಾಡಿರಲಿಲ್ಲ, ಮಾಡೋ ಅಗತ್ಯವೂ ಇರಲಿಲ್ಲ. ಗಿಡದ ರಸವಾಗಲಿ, ಎದೆಹಾಲಾಗಲಿ, ಜೇನುತುಪ್ಪವಾಗಲಿ ಶುದ್ಧೀಕರಿಸಿದ ವಸ್ತುವಲ್ಲ. ಉರಿಯುತ್ತಿರುವ ಕಣ್ಣಿನೊಳಗೆ ಅದನ್ನು ಬಿಟ್ಟರೆ ಇರುವ ಸೋಂಕಿನ ಜೊತೆ ಇನ್ನೊಂದನ್ನು ಕರೆದ ಹಾಗೆ.

ತಾಲ್ಲೂಕು ಆಸ್ಪತ್ರೆಗೆ ಹೋದಾಗ ಡಾಕ್ಟ್ರು ಟಾರ್ಚ್ ಬಿಟ್ಟು ನೋಡಿ, ಕಣ್ಣು ಮಂಜಾಗಿದೆಯಾ, ಬೆಳಕು ನೋಡೋಕೆ ಆಗೋದಿಲ್ವಾ, ಲೆನ್ಸ್ ಹಾಕ್ತೀಯಾ ಅಂತ ಕೇಳಿದರು. ಇಲ್ಲ, ಇಲ್ಲ, ಇಲ್ಲ. "ಸರಿ, ವೈರಸ್. ಇದಕ್ಕೆ ಔಷಧಿ ಅಂತ ಇಲ್ಲ, ತಾನಾಗೇ ಹೋಗ್ತದೆ" ಅಂದರು. ಕಣ್ಣಿಗೆ ತೇವ ಕೊಡುವ ಡ್ರಾಪ್ಸ್ ಬರೆದರು, ಕೃತಕ ಕಣ್ಣೀರು ಅಂತಾರಲ್ಲ, ಅದು. ಅತ್ತಿಗೆಗೆ ಸಮಾಧಾನ ಆಗಲಿಲ್ಲ. ನೂರು ರೂಪಾಯಿ ಆಟೊಗೆ ಕೊಟ್ಟು ಹೋಗಿ ಔಷಧಿ ಇಲ್ಲ ಅನ್ನಿಸಿಕೊಂಡು ಬರೋದು ಯಾರಿಗೆ ತಾನೇ ಇಷ್ಟ?

ಆದರೆ ಆ ಮಾತು ನಿಜ. ಊರಿಡೀ ಹಬ್ಬುವ ಕಣ್ಣು ಬೇನೆ ಹೆಚ್ಚಾಗಿ ಅಡಿನೋವೈರಸ್ಸಿನದು, ಕೆಲವು ಸಲ ಎಂಟೆರೋವೈರಸ್ ಗುಂಪಿನದು. ಆಂಟಿಬಯಾಟಿಕ್ ಡ್ರಾಪ್ಸ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ವೈರಸ್ಸನ್ನು ಮುಟ್ಟೋದೂ ಇಲ್ಲ. ಮೂರ್ನಾಲ್ಕು ದಿನ ಜಾಸ್ತಿಯಾಗಿ, ಆಮೇಲೆ ಇಳಿದು, ಒಂದೆರಡು ವಾರದಲ್ಲಿ ಕಣ್ಣು ತಿಳಿಯಾಗುತ್ತದೆ. ಕೆಲವರಿಗೆ ಮೂರು ವಾರವೂ ಬೇಕು. ಡ್ರಾಪ್ಸ್ ಹಾಕಿದ ಐದನೇ ದಿನ ಕಮ್ಮಿಯಾದರೆ ನಾವು ಡ್ರಾಪ್ಸಿಗೆ ಹೊಗಳಿಕೆ ಕೊಡ್ತೀವಿ, ಹಾಕದಿದ್ದರೂ ಐದನೇ ದಿನವೇ ಕಮ್ಮಿಯಾಗುತ್ತಿತ್ತು. ಹಳದಿ, ಹಸಿರು ಬಣ್ಣದ ದಪ್ಪ ಗೀಜು ದಿನವಿಡೀ ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಸೋಂಕು ಇರಬಹುದು, ಅಲ್ಲಿ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ. ಎರಡೂ ಕಣ್ಣು ಒಟ್ಟಿಗೇ ವಿಪರೀತ ತುರಿಸಿದರೆ ಅಲರ್ಜಿ ಇರಬಹುದು. ಯಾವುದು ಏನು ಅನ್ನೋದನ್ನು ನೋಡಿ ಹೇಳೋಕೆ ಡಾಕ್ಟ್ರು ಬೇಕು. ಅಂಗಡಿಯವನು ಕೌಂಟರಿನ ಆಚೆಯಿಂದ ಹೇಳುವ ಸಂಗತಿ ಅಲ್ಲ.

ಶೃಂಗೇರಿಯಲ್ಲಿ ಶಾಲೆ ಟೀಚರ್ ಆಗಿರುವ ನನ್ನ ಅಕ್ಕ, ದೊಡ್ಡಪ್ಪನ ಮಗಳು, ಆ ವಾರ ಫೋನ್ ಮಾಡಿದ್ದಳು. ಅವಳ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಕಣ್ಣು ಕೆಂಪಾದರೆ ಉಳಿದ ಮೂವತ್ತು ಮಕ್ಕಳೂ ಗೋಡೆ ಕಡೆ ಮುಖ ತಿರುಗಿಸಿ ಕೂರುತ್ತಿದ್ದರಂತೆ, ನೋಡಿದರೆ ಬರುತ್ತದೆ ಅಂತ. ಆದರೆ ಅವನ ಪೆನ್ಸಿಲ್, ರಬ್ಬರ್ ಮಾತ್ರ ಕ್ಲಾಸಿಡೀ ಸುತ್ತು ಹೊಡೆಯುತ್ತಿತ್ತು. "ನೋಡಿದ್ರೆ ಬರೋದಿಲ್ಲ ಕಣ್ರೋ, ಮುಟ್ಟಿದ್ರೆ ಬರೋದು ಅಂತ ಹೇಳಿ ಹೇಳಿ ಸಾಕಾಯ್ತು ಮಾರಾಯ್ತಿ" ಅಂತ ನಗುತ್ತಿದ್ದಳು. ವೈರಸ್ ಕಣ್ಣಿನ ನೀರಿನಲ್ಲಿರುತ್ತದೆ. ಕೈ ಕಣ್ಣು ಉಜ್ಜುತ್ತದೆ, ಅದೇ ಕೈ ಬಾಗಿಲ ಚಿಲಕ, ಫೋನು, ಟಿವಿ ರಿಮೋಟ್ ಮುಟ್ಟುತ್ತದೆ. ಅಲ್ಲಿಂದ ಇನ್ನೊಬ್ಬರ ಕೈ, ಇನ್ನೊಬ್ಬರ ಕಣ್ಣು. ಅಡಿನೋವೈರಸ್ ಒಣಗಿದ ಪ್ಲಾಸ್ಟಿಕ್ ಮೇಲೂ ಎಷ್ಟೋ ದಿನ ಬದುಕಿರುತ್ತದೆ. ಕೋವಿಡ್ ಕಾಲದಲ್ಲಿ ನಾವು ನಂಬಿದ ಸ್ಯಾನಿಟೈಸರ್ ಇದರ ಮೇಲೆ ಅಷ್ಟು ಪರಿಣಾಮಕಾರಿ ಅಲ್ಲ. ಸೋಪು ಹಾಕಿ ನೀರಲ್ಲಿ ತೊಳೆಯೋದೇ ವಾಸಿ. ಕಪ್ಪು ಕನ್ನಡಕದಿಂದ ಬೆಳಕು ಚುಚ್ಚೋದು ಕಮ್ಮಿಯಾಗುತ್ತದೆ, ಕೈ ಕಣ್ಣಿಗೆ ಹೋಗೋದೂ ಕಮ್ಮಿಯಾಗುತ್ತದೆ. ಅಷ್ಟೇ ಅದರ ಉಪಯೋಗ.

ನಮ್ಮ ಮನೆಯಲ್ಲಿ ಬೇನೆ ನಿಂತದ್ದು ಬೈರಾಸಿನ ಲೆಕ್ಕದಿಂದ. ಬಚ್ಚಲಲ್ಲಿ ಹಂಡೆ ಪಕ್ಕ ಎಲ್ಲರಿಗೂ ಒಂದೇ ಬೈರಾಸು ನೇತಾಡುತ್ತಿತ್ತು. ಅಣ್ಣ ಅದನ್ನು ತೆಗೆದು, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ್ದು ಕೊಟ್ಟು, ಬೇರೆ ಬೇರೆ ಮೊಳೆಗೆ ಹಾಕಿದ. ದಿಂಬಿನ ಬಟ್ಟೆ ದಿನಾ ಬಿಸಿನೀರಿಗೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸೋದು ಎಷ್ಟು ದೊಡ್ಡ ಕೆಲಸ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಒಲೆಯ ಮೇಲಿನ ಅಟ್ಟಕ್ಕೆ ಹಗ್ಗ ಕಟ್ಟಿದೆವು. ಅಪ್ಪಯ್ಯನಿಗೂ ಅಮ್ಮನಿಗೂ ಬರಲೇ ಇಲ್ಲ.

ಚಿಕ್ಕಪ್ಪನ ಕಣ್ಣು

ಇದೇ ಹೊತ್ತಿಗೆ ನರಸಿಂಹರಾಜಪುರ ತಾಲ್ಲೂಕಿನಲ್ಲಿ, ಬಾಳೆಹೊನ್ನೂರಿನ ಕಡೆ ಇರುವ ನಮ್ಮ ಚಿಕ್ಕಪ್ಪನ ಕಣ್ಣೂ ಕೆಂಪಾಗಿತ್ತು. ಬಲಗಣ್ಣು ಒಂದೇ. ಊರಲ್ಲಿ ಎಲ್ಲರಿಗೂ ಬಂದಿದೆ, ಅಣ್ಣನ ಮನೆಯಲ್ಲೂ ಬಂದಿದೆ, ಹಾಗಾಗಿ ಯಾರಿಗೂ ವಿಶೇಷ ಅನ್ನಿಸಲಿಲ್ಲ. ಚಿಕ್ಕಪ್ಪ ಪೇಟೆಗೆ ಹೋದಾಗ ಒಂದು ಮೆಡಿಕಲ್ ಶಾಪಿನಲ್ಲಿ "ಕಣ್ಣು ಬೇನೆಗೆ ಡ್ರಾಪ್ಸ್ ಕೊಡಿ" ಅಂದರು. ಕೊಟ್ಟರು. ಆ ಶ್ರಾವಣದಲ್ಲಿ ಎಷ್ಟು ಜನರಿಗೆ ಅದೇ ಬಾಟ್ಲಿ ಹೋಗಿತ್ತೋ. ಹಾಕಿದ ಮಾರನೇ ದಿನವೇ ಕೆಂಪು ಇಳಿಯಿತು. ಚಿಕ್ಕಪ್ಪನಿಗೆ ಖುಷಿ. ಫೋನಿನಲ್ಲಿ ನನಗೇ ಹೇಳಿದರು, "ನಿಮ್ಮ ಕೊಪ್ಪದ ಡಾಕ್ಟ್ರಿಗಿಂತ ನಮ್ಮ ಮೆಡಿಕಲ್ಲಿನವನೇ ವಾಸಿ ಮಗಾ."

ನಾಲ್ಕನೇ ದಿನ ನೋವು ಶುರುವಾಯಿತು. ಉರಿಯಲ್ಲ, ಒಳಗಿಂದ ಕುಟ್ಟುವ ನೋವು. ರಾತ್ರಿ ಲೈಟ್ ಹಾಕಿದರೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಬೆಳಿಗ್ಗೆ ಚಿಕ್ಕಮ್ಮ ನೋಡಿದಾಗ ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಬಿಳಿ ಚುಕ್ಕೆ. ಅವರ ಬಾಯಿಂದ ಬಂದ ಮೊದಲ ಮಾತು, "ಅಯ್ಯೋ, ಕಣ್ಣಿಗೆ ಹೂ ಬಿದ್ದಿದೆಯಲ್ಲ."

ಅವತ್ತೇ ಚಿಕ್ಕಪ್ಪನನ್ನು ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದರು. ಅವರು ಕೇಳಿದ ಮೊದಲ ಪ್ರಶ್ನೆ, "ಕಣ್ಣಿಗೆ ಏನಾದ್ರೂ ಹೊಡೆದಿತ್ತಾ? ತೋಟದಲ್ಲಿ, ಗದ್ದೆಯಲ್ಲಿ?"

ಚಿಕ್ಕಪ್ಪ ಯೋಚನೆ ಮಾಡಿದರು. ಹೌದು. ಹತ್ತು ದಿನದ ಹಿಂದೆ ಕೊಳೆ ಔಷಧಿ ಹೊಡೆಸುವಾಗ ಬಿದ್ದ ಸೋಗೆ ಎಳೆದು ಬದಿಗೆ ಹಾಕುತ್ತಿದ್ದರು. ಅದರ ತುದಿ ಚಿಮ್ಮಿ ಕಣ್ಣಿಗೆ ತಾಗಿತ್ತು. ನೀರು ಬಂತು, ಬೈರಾಸಿನಲ್ಲಿ ಒರೆಸಿಕೊಂಡು ಕೆಲಸ ಮುಂದುವರಿಸಿದರು. ತೋಟದಲ್ಲಿ ಇಂಥದ್ದು ದಿನಾ ನಡೆಯುತ್ತದೆ, ಯಾರೂ ಮನೆಗೆ ಬಂದು ಹೇಳುವುದಿಲ್ಲ. ಚಿಕ್ಕಮ್ಮನಿಗೂ ಅದು ಗೊತ್ತಾದದ್ದು ಆ ಡಾಕ್ಟ್ರ ಮುಂದೆಯೇ.

ಡಾಕ್ಟ್ರು ಡ್ರಾಪ್ಸ್ ಬಾಟ್ಲಿ ತಿರುಗಿಸಿ ಹೆಸರು ಓದಿದರು. ಅದರಲ್ಲಿ ಆಂಟಿಬಯಾಟಿಕ್ ಜೊತೆಗೆ ಡೆಕ್ಸಾಮೆಥಾಸೋನ್ ಇತ್ತು. ಅದು ಸ್ಟೀರಾಯ್ಡ್. "ಇದನ್ನು ಈಗಲೇ ನಿಲ್ಲಿಸಿ, ಇವತ್ತೇ ಶಿವಮೊಗ್ಗಕ್ಕೆ ಹೋಗಿ, ನಾಳೆ ಅಲ್ಲ" ಅಂದರು. ಅಣ್ಣ ಕೊಪ್ಪದಿಂದ ಕಾರು ತಗೊಂಡು ಹೋದ. ನನ್ನ ಕಣ್ಣು ಅಷ್ಟು ಹೊತ್ತಿಗೆ ವಾಸಿಯಾಗಿತ್ತು, ನಾನೂ ಜೊತೆಗೆ ಹೋದೆ.

ಅಡಿಕೆ ತೋಟದ ಶಿಲೀಂಧ್ರ

ಶಿವಮೊಗ್ಗದ ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣಿಗೆ ಒಂದು ಬಣ್ಣದ ಔಷಧಿ ಹಾಕಿ, ನೀಲಿ ಬೆಳಕಿನಲ್ಲಿ ನೋಡಿದರು. ಗಾಯವಾದ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ಮರಗಟ್ಟುವ ಹನಿ ಹಾಕಿ, ಹುಣ್ಣಿನ ಮೇಲಿನಿಂದ ಸ್ವಲ್ಪ ಕೆರೆದು ತೆಗೆದು ಮೈಕ್ರೋಸ್ಕೋಪಿನಲ್ಲಿ ಇಟ್ಟರು. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಫಂಗಸ್. ಶಿಲೀಂಧ್ರ. ಹಳೆಯ ರೊಟ್ಟಿಯ ಮೇಲೆ, ಮಳೆಗಾಲದ ಚಪ್ಪಲಿಯ ಮೇಲೆ ಬರುತ್ತದಲ್ಲ, ಅದೇ ಜಾತಿಯ ಜೀವಿ.

ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂಥ ಒಂದು ಪಾರದರ್ಶಕ ಪದರ ಇದೆ, ಕಾರ್ನಿಯಾ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು ಅಂತ ಓದಿದೆವಲ್ಲ, ಅಲ್ಲಿ ಕಸಿ ಮಾಡಿದ್ದು ಈ ಪದರವನ್ನೇ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳೇ ಇಲ್ಲ, ಹಾಗಾಗಿಯೇ ಅದು ಗಾಜಿನ ಹಾಗೆ ಇರೋದು. ಮದ್ರಾಸ್ ಐ ಮುಖ್ಯವಾಗಿ ಬಿಳಿಗುಡ್ಡೆಯ ಮೇಲಿನ ತೆಳುಪೊರೆಯ ಬೇನೆ, ಅದು ಹೋದ ಮೇಲೆ ಸಾಮಾನ್ಯವಾಗಿ ಗುರುತು ಉಳಿಯೋದಿಲ್ಲ. ಕಾರ್ನಿಯಾದ ಹುಣ್ಣು ಬೇರೆ. ವಾಸಿಯಾದರೂ ಅಲ್ಲಿ ಬಿಳಿ ಕಲೆ ಉಳಿಯುತ್ತದೆ. ನಮ್ಮ ಹಿರಿಯರು 'ಹೂ ಬಿತ್ತು' ಅನ್ನೋದು ಇದಕ್ಕೇ. ಕಲೆ ನಡುವೆ ಬಿದ್ದರೆ ನೋಟ ಹೋಗುತ್ತದೆ.

ಸೋಗೆ, ಭತ್ತದ ತೆನೆ, ಕಬ್ಬಿನ ಗರಿ, ಮಣ್ಣು ಎಲ್ಲದರ ಮೇಲೂ ಶಿಲೀಂಧ್ರ ಇರುತ್ತದೆ. ಗೀರು ಬಿದ್ದ ಕಾರ್ನಿಯಾ ಅದಕ್ಕೆ ತೆರೆದ ಬಾಗಿಲು. ಇದು ಅಪರೂಪದ ಕಾಯಿಲೆ ಅಂದುಕೊಂಡಿದ್ದೆ, ಅಲ್ಲ. ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯವರು 1994ರ ಮೊದಲ ಮೂರು ತಿಂಗಳಲ್ಲಿ ಕಾರ್ನಿಯಾ ಹುಣ್ಣು ಅಂತ ಬಂದ 434 ಜನರನ್ನು ಪರೀಕ್ಷಿಸಿದ್ದರು. ಮೂರರಲ್ಲಿ ಸುಮಾರು ಎರಡು ಪಾಲು ಜನರಿಗೆ ಮೊದಲು ಕಣ್ಣಿಗೆ ಪೆಟ್ಟು ಬಿದ್ದಿತ್ತು. ರೋಗಾಣು ಪತ್ತೆಯಾದವರಲ್ಲಿ ಅರ್ಧಕ್ಕೆ ಹತ್ತಿರ ಜನರಿಗೆ ಬ್ಯಾಕ್ಟೀರಿಯಾ, ಹೆಚ್ಚುಕಡಿಮೆ ಅಷ್ಟೇ ಜನರಿಗೆ ಶಿಲೀಂಧ್ರ. ತಂಪು ದೇಶಗಳ ಊರುಗಳಲ್ಲಿ ಶಿಲೀಂಧ್ರದ ಪಾಲು ಬಹಳ ಕಮ್ಮಿ. ಬಿಸಿಲು, ತೇವ, ಬೇಸಾಯ ಮೂರೂ ಸೇರಿದ ನಮ್ಮಂಥ ಕಡೆಯೇ ಅದರ ಜೋರು.

ಹಾಗಾದರೆ ಆ ಡ್ರಾಪ್ಸ್ ಹಾಕಿದಾಗ ಕೆಂಪು ಇಳಿದದ್ದು ಹೇಗೆ? ಕೆಂಪು, ಊತ, ನೀರು ಇವೆಲ್ಲ ಸೋಂಕಿನ ವಿರುದ್ಧ ದೇಹ ಮಾಡುತ್ತಿರುವ ಜಗಳದ ಗುರುತು. ಸ್ಟೀರಾಯ್ಡ್ ಆ ಜಗಳವನ್ನು ನಿಲ್ಲಿಸುತ್ತದೆ, ಶತ್ರುವನ್ನಲ್ಲ. ಮನೆಯ ನಾಯಿ ಬೊಗಳುತ್ತಿದೆ ಅಂತ ನಾಯಿಯ ಬಾಯಿ ಕಟ್ಟಿದ ಹಾಗೆ. ಸದ್ದು ನಿಂತಿತು ಅಂತ ನಾವು ಮಲಗಿದೆವು, ಕಳ್ಳ ಆರಾಮಾಗಿ ಒಳಗೆ ಓಡಾಡಿದ. ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ, ಎಷ್ಟೋ ಕಣ್ಣಿನ ಕಾಯಿಲೆಗೆ ಅದೇ ಬೇಕು. ಮದ್ರಾಸ್ ಐಯಲ್ಲೂ ಕಾರ್ನಿಯಾಕ್ಕೆ ತಾಗಿದ ಕೆಲವರಿಗೆ ಕಣ್ಣಿನ ಡಾಕ್ಟ್ರು ಲೆಕ್ಕ ಹಾಕಿ ಕೊಡುತ್ತಾರೆ. ಆದರೆ ಅದನ್ನು ಕೊಡುವವರು ಮೊದಲು ಕಣ್ಣನ್ನು ನೋಡಿರಬೇಕು. ನೋಡದೆ ಕೊಟ್ಟರೆ ಶಿಲೀಂಧ್ರ ಬೆಳೆಯುತ್ತದೆ, ಹರ್ಪಿಸ್ ವೈರಸ್ಸಿನ ಹುಣ್ಣು ಹರಡುತ್ತದೆ, ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು.

ಚಿಕ್ಕಪ್ಪನಿಗೆ ಕೊಟ್ಟದ್ದು ನಟಮೈಸಿನ್ ಅನ್ನೋ ಡ್ರಾಪ್ಸ್. ಹಾಲಿನ ಹಾಗೆ ಬೆಳ್ಳಗೆ, ತಳದಲ್ಲಿ ಕೂತುಬಿಡುತ್ತದೆ, ಪ್ರತಿ ಸಲ ಚೆನ್ನಾಗಿ ಕುಲುಕಬೇಕು. ಮೊದಲ ದಿನಗಳಲ್ಲಿ ಗಂಟೆಗೊಂದು ಸಲ, ರಾತ್ರಿಯೂ. ನಾನು ಅವರ ಫೋನಿನಲ್ಲಿ ಗಂಟೆಗೊಂದು ಅಲಾರಂ ಇಟ್ಟುಕೊಟ್ಟೆ. ಚಿಕ್ಕಮ್ಮನಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು, ಹಾಕಿದ ಹೊತ್ತಿಗೆಲ್ಲ ಟಿಕ್ ಹಾಕುತ್ತಿದ್ದರು. ಕರೆಂಟ್ ಹೋಗಿ ಫೋನ್ ಸತ್ತ ಎರಡು ರಾತ್ರಿ ಕೆಲಸಕ್ಕೆ ಬಂದದ್ದು ಕ್ಯಾಲೆಂಡರೇ.

ಹುಣ್ಣು ಮಾಗೋಕೆ ಎರಡು ತಿಂಗಳ ಹತ್ತಿರ ಆಯ್ತು. ಕಣ್ಣು ಉಳಿಯಿತು. ಕಲೆ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಬಿದ್ದದ್ದು ಪುಣ್ಯ. ಆ ಕಣ್ಣಿನಲ್ಲಿ ಈಗ ಮುಖ ಗುರುತು ಸಿಗುತ್ತದೆ, ಪೇಪರಿನ ಅಕ್ಷರ ಸಿಗುವುದಿಲ್ಲ. ರಾತ್ರಿ ಎದುರಿನ ಗಾಡಿಯ ಬೆಳಕು ಒಡೆದು ಚೆಲ್ಲಿದ ಹಾಗೆ ಕಾಣುತ್ತದಂತೆ, ಕತ್ತಲಾದ ಮೇಲೆ ಬೈಕ್ ಮುಟ್ಟುವುದಿಲ್ಲ. ಇನ್ನೂ ನಾಲ್ಕು ದಿನ ಬಿಟ್ಟು ಬಂದಿದ್ದರೆ ಏನಾಗುತ್ತಿತ್ತು ಅಂತ ಕೇಳಿದ್ದಕ್ಕೆ ಅಲ್ಲಿನ ಡಾಕ್ಟ್ರು ನೇರ ಉತ್ತರ ಕೊಡಲಿಲ್ಲ. ಪಕ್ಕದ ಬೆಂಚಿನ ಕಡೆ ನೋಡಿದರು. ಅಲ್ಲಿ ಕೂತಿದ್ದವರು ಕಣ್ಣು ತೂತಾದ ಮೇಲೆ ಬಂದವರು.

ಬೇಗ ಅಂದರೆ ಎಷ್ಟು ಬೇಗ?

ನೇಪಾಳದ ಭಕ್ತಪುರದಲ್ಲಿ 1990ರ ದಶಕದಲ್ಲಿ ಒಂದು ಪ್ರಯೋಗ ನಡೆಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು, ಕಣ್ಣಿಗೆ ಗೀರಾದವರು ಬಂದ ಕೂಡಲೇ ಪರೀಕ್ಷಿಸಿ ಮೂರು ದಿನ ಆಂಟಿಬಯಾಟಿಕ್ ಮುಲಾಮು ಹಾಕುವ ವ್ಯವಸ್ಥೆ ಮಾಡಿದರು. ಗಾಯವಾದ 18 ಗಂಟೆಯೊಳಗೆ ಚಿಕಿತ್ಸೆ ಶುರುವಾದ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ದಾಟಿ ಬಂದವರಲ್ಲಿ ಹುಣ್ಣಾದವರು ಇದ್ದರು. ಕೋಟಿಗಟ್ಟಲೆಯ ಯಂತ್ರ ಅಲ್ಲ, ಹೊಸ ಔಷಧಿಯೂ ಅಲ್ಲ. ಗೀರಾದ ದಿನವೇ ಯಾರೋ ಒಬ್ಬರು ನೋಡಿದರು ಅನ್ನೋದಷ್ಟೇ ವ್ಯತ್ಯಾಸ.

ಮಳೆಗಾಲದಲ್ಲಿ ನಮ್ಮ ಮೂರು ತಾಲ್ಲೂಕುಗಳ ಪ್ರತಿ ತೋಟದಲ್ಲೂ ಕಣ್ಣಿಗೆ ಅಪಾಯ ಇದೆ. ಕಳೆ ಹೊಡೆಯೋ ಮಿಷನ್ನಿನಿಂದ ಕಲ್ಲಿನ ಚೂರು ಹಾರುತ್ತದೆ. ಸೋಗೆ ಚಿಮ್ಮುತ್ತದೆ. ಕೊಳೆ ಔಷಧಿಯಂತೂ ಕೇಳೋದೇ ಬೇಡ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಈಗ ಮರ ಹತ್ತುವವರು ಸಿಗದೆ ದೋಟಿಯಲ್ಲಿ ಕೆಳಗಿನಿಂದಲೇ ಹೊಡೆಯುತ್ತಾರೆ. ತಲೆ ಎತ್ತಿ ನೋಡುತ್ತಿರುವವನ ಮುಖಕ್ಕೇ ಹನಿ ಬೀಳುತ್ತದೆ. ಸುಣ್ಣ ಕಲಸುವಾಗ ಹಾರಿದರೆ ಇನ್ನೂ ಅಪಾಯ, ಅದು ಕಣ್ಣನ್ನು ಸುಡುತ್ತದೆ. ಅಂಥ ಹೊತ್ತಲ್ಲಿ ಡಾಕ್ಟ್ರನ್ನು ಹುಡುಕೋದು ಎರಡನೇ ಕೆಲಸ. ಮೊದಲ ಕೆಲಸ ಅಲ್ಲೇ ಸಿಗುವ ಚೊಕ್ಕ ನೀರಿನಿಂದ, ರೆಪ್ಪೆ ಬಿಡಿಸಿ ಹಿಡಿದು, ಇಪ್ಪತ್ತು ನಿಮಿಷವಾದರೂ ಸುರಿದು ತೊಳೆಯೋದು. ಆಮೇಲೆ ಗಾಡಿ ಹತ್ತೋದು.

ನಗರದಲ್ಲಿರುವ ನಮಗೆ ಸೋಗೆ ಹೊಡೆಯೋದಿಲ್ಲ, ನಿಜ. ಅದರ ಬದಲು ಕಾಂಟ್ಯಾಕ್ಟ್ ಲೆನ್ಸ್ ಇದೆ. ಲೆನ್ಸ್ ಹಾಕಿಕೊಂಡು ಮಲಗೋದು, ನಲ್ಲಿ ನೀರಲ್ಲಿ ತೊಳೆಯೋದು, ಇವೂ ಕಾರ್ನಿಯಾಕ್ಕೆ ಸೋಂಕು ತರುತ್ತವೆ. ಲೆನ್ಸ್ ಹಾಕುವವರ ಕಣ್ಣು ಕೆಂಪಾಗಿ ನೋವಾದರೆ ಅದು ಬೇರೆ ಅಂತ ಸಾಬೀತಾಗುವವರೆಗೂ ಮದ್ರಾಸ್ ಐ ಅಂದುಕೊಳ್ಳಬಾರದು. ಲೆನ್ಸ್ ತೆಗೆದು ಅದೇ ದಿನ ತೋರಿಸಬೇಕು.

ಹಾಗಾಗಿ ಮುಂದಿನ ಸಲ ಊರಿಂದ ಫೋನ್ ಬಂದು "ಅಪ್ಪಂಗೆ ಕಣ್ಣು ಕೆಂಪಾಗಿದೆ, ಎಂತ ಡ್ರಾಪ್ಸ್ ಹಾಕೋದು?" ಅಂತ ಕೇಳಿದರೆ, ಗೂಗಲ್ ತೆರೆಯೋ ಮೊದಲು ನೀವು ಕೇಳಬೇಕಾದ ಪ್ರಶ್ನೆ ಒಂದೇ: ಕಣ್ಣಿಗೆ ಏನಾದ್ರೂ ಹೊಡೆದಿತ್ತಾ, ಬಿದ್ದಿತ್ತಾ? 'ಹೌದು' ಅಂದರೆ ಡ್ರಾಪ್ಸಿನ ಮಾತೇ ಬೇಡ, ಕಣ್ಣಿನ ಡಾಕ್ಟ್ರ ಹತ್ತಿರ ಅವತ್ತೇ. 'ಇಲ್ಲ' ಅಂದರೂ ಇನ್ನೆರಡು ಮಾತು ಕೇಳಿ. ನೋಟ ಮಂಜಾಗಿದೆಯಾ? ಬೆಳಕು ನೋಡೋಕೆ ಆಗದಷ್ಟು ನೋವಿದೆಯಾ? ಫೋನ್ ಕ್ಯಾಮೆರಾದಲ್ಲಿ ಒಂದು ಫೋಟೊ ಕಳಿಸಲು ಹೇಳಿ. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಕಾಯಬಾರದು. ಫೋಟೊದಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲೂ ಅಲ್ಲ. ಹಸುಗೂಸಿನ ಕಣ್ಣು ಕೆಂಪಾದರೆ ಪ್ರಶ್ನೆಯೇ ಇಲ್ಲ, ನೇರ ಆಸ್ಪತ್ರೆಗೆ. ಮನೆಯಲ್ಲಿ ಹಳೆಯ ಡ್ರಾಪ್ಸ್ ಇದ್ದರೆ ಲೇಬಲ್ ಓದಿಸಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಅಂತ ಇದ್ದರೆ ಸ್ಟೀರಾಯ್ಡ್, ಡಾಕ್ಟ್ರು ಹೇಳದೆ ಹಾಕಬಾರದು. ಯಾವ ಡ್ರಾಪ್ಸೇ ಆಗಲಿ, ಬಿರಡೆ ತೆಗೆದು ತಿಂಗಳಾಗಿದ್ದರೆ ಎಸೆಯಬೇಕು. ಒಬ್ಬರ ಬಾಟ್ಲಿ ಇನ್ನೊಬ್ಬರಿಗೆ ಬೇಡ.

ಇವ್ಯಾವುವೂ ಇಲ್ಲದೆ, ಮನೆಯಲ್ಲಿ ಇನ್ನಿಬ್ಬರಿಗೂ ಬಂದಿದೆ, ನೀರು ಸುರಿಯುತ್ತಿದೆ, ಮರಳು ಬಿದ್ದ ಹಾಗಿದೆ ಅಷ್ಟೇ ಅಂದರೆ, ಅದು ನಿಜವಾದ ಕಣ್ಣು ಬೇನೆ. ಆಗ ನಂದಿಬಟ್ಟಲು ರೆಪ್ಪೆಯ ಮೇಲೆ ಇರಲಿ, ಬೈರಾಸು ಬೇರೆ ಬೇರೆ ಮೊಳೆಯಲ್ಲಿರಲಿ, ಕೈಗೆ ಸೋಪು ಇರಲಿ.

ಚಿಕ್ಕಪ್ಪನ ಮನೆಯಲ್ಲಿ ಈಗ ಮೈಲುತುತ್ತದ ಡ್ರಮ್ಮಿನ ಪಕ್ಕದ ಗೂಟಕ್ಕೆ ನಾಲ್ಕು ಪಾರದರ್ಶಕ ಕನ್ನಡಕ ನೇತುಹಾಕಿದ್ದಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗ್ಗದವು. ಕೆಲಸಕ್ಕೆ ಬಂದ ಹುಡುಗರು ಮಳೆಯಲ್ಲಿ ಮಂಜು ಹಿಡಿಯುತ್ತೆ ಅಂತ ಗೊಣಗುತ್ತಾರೆ. ಚಿಕ್ಕಪ್ಪ ವಾದ ಮಾಡುವುದಿಲ್ಲ. "ಹಾಕದೇ ಹೋದ್ರೆ ಇವತ್ತಿನ ಕೆಲಸ ಬೇಡ ಮಾರಾಯ" ಅನ್ನುತ್ತಾರೆ. ಹುಡುಗರು ಒಂದು ಸಲ ಅವರ ಬಲಗಣ್ಣಿನ ಕಡೆ ನೋಡಿ, ಕನ್ನಡಕ ತೆಗೆದುಕೊಳ್ಳುತ್ತಾರೆ.